ಅರವತ್ತು ಲೀಟರು

ಭೋಸರಿಯ ಶೆಡ್ಡಿನಿಂದ ಟ್ರೇಲರು ಬಂತು,
ಬಣ್ಣದ ವಾಸನೆ ಇನ್ನೂ ಹಸಿ.
ನೆತ್ತಿಗೆರಡು ಸೋಲಾರ್ ಹಲಗೆ,
ಮಂಚದಡಿ ಬ್ಯಾಟರಿ, ಅರವತ್ತು ಲೀಟರಿನ ಟ್ಯಾಂಕು.
ಮಡಚಿದರೆ ಮೇಜು, ಬಿಚ್ಚಿದರೆ ಹಾಸಿಗೆ.

ಕಸ್ತೂರಿ ಒಳಹೊಕ್ಕು, ನಿಂತು, ನಕ್ಕಳು:
"ನಮ್ಮ ಪರೇಲದ ಖೋಲಿನ ಅಲ್ಲೇನ್ರಿ ಇದು?
ಗಾಲಿ ಹಚ್ಯಾರ, ಅಷ್ಟ."

ಪಾನ್‌ಶೇತದ ಹಿನ್ನೀರ ದಂಡೆ.
ಫ್ಯಾನೋ ದೀಪವೋ ಎಂದು
ಮೀಟರು ನೋಡುತ್ತ ಕೂತೆ ನಾನು,
ಚೀಟಿಯ ತುಂಬ ವ್ಯಾಟು, ಗಂಟೆ.
ಅವಳು ಒಂದೇ ಚೊಂಬಿನಲ್ಲಿ
ಅಕ್ಕಿ ತೊಳೆದು, ಆ ನೀರಲ್ಲೇ ತಟ್ಟೆ ತೊಳೆದು,
ಉಳಿದದ್ದನ್ನು
ಗಾಲಿಯ ಕೆಸರಿಗೆ ಸುರಿದಳು:
ನಸುಕಿನ ನಾಲ್ಕಕ್ಕೆ ಬಂದು ಐದಕ್ಕೆ ಹೋಗುತ್ತಿದ್ದ ನಲ್ಲಿ
ಕಲಿಸಿದ ಕೈ.

ಮೂರನೆಯ ಬೆಳಗು ಟ್ಯಾಂಕು ತಟ್ಟಿ ನೋಡಿದೆ.
ಅರ್ಧದವರೆಗೂ ಮಂದ ದನಿ.
ನನ್ನ ಲೆಕ್ಕದ ಬ್ಯಾಟರಿ
ರಾತ್ರಿಯೇ ಸತ್ತಿತ್ತು.