ಹನ್ನೊಂದು ಮೈಕ್ರೋಸೆಕೆಂಡು

ಎಂಗುರಿ ನದಿಯ ಮೇಲಿನ ರಸ್ತೆಗೆ ಅಡ್ಡ
ಒಂದು ಕಬ್ಬಿಣದ ತೊಲೆ.
ಎತ್ತುವವನು ನಾನು, ಇಳಿಸುವವನೂ ನಾನೇ.
ಮೇಲೆ ಇಳಿಜಾರಿನಲ್ಲಿ ನಲವತ್ತೊಂದು ಡಬ್ಬಿ,
ಉಪ್ಪಿನ ಭರಣಿಯಷ್ಟು ಗಾತ್ರ, ಕೋಲಿಗೆ ಬಿಗಿದದ್ದು.
ಹಿಮ ಜಗ್ಗಿದರೆ ಪಕ್ಕದ್ದಕ್ಕೆ ಪಿಸುಗುಟ್ಟುತ್ತವೆ,
ಅದು ತನ್ನ ಪಕ್ಕದ್ದಕ್ಕೆ, ಅದು ಇನ್ನೊಂದಕ್ಕೆ.
ನಡುವೆ ತಂತಿಯಿಲ್ಲ, ಯಜಮಾನನಿಲ್ಲ.
ಕೊನೆಯದು ನನ್ನ ಕೋಣೆಯ ದೀಪಕ್ಕೆ ಹೇಳುತ್ತದೆ:
ಹಸಿರು. ಇಲ್ಲವೆ ಕೆಂಪು.

ಇಯಾಮ್ಜೆ ಅವಕ್ಕೆ ಗಡಿಯಾರ ಕೂಡಿಸಲು ಬಂದಾಗ ನಕ್ಕಿದ್ದೆ.
ಜಾರುವ ಹಿಮಕ್ಕೆ ಯಾವ ಮುಹೂರ್ತವಮ್ಮ?
ಅವಳು ಒಲೆಯ ಬಳಿಯಿಂದ ಒಂದು ಕಡ್ಡಿ ಮುರಿದಳು,
ಗೇಣಿಗಿಂತ ತುಸು ಉದ್ದ.
'ಸೆಕೆಂಡನ್ನು ನೂರು ಕೋಟಿ ಚೂರು ಮಾಡು, ಮುಷ್ನಿ.
ಒಂದು ಚೂರಿನಲ್ಲಿ ಬೆಳಕು ನಡೆಯುವುದು ಇಷ್ಟು.
ರೇಡಿಯೋದ ಮಾತೂ ಅಷ್ಟೇ, ಇದನ್ನು ಮೀರಿ ಓಡಲಾರದು.
ಹೊರಟ ಹೊತ್ತು ಅದರ ಮೈಮೇಲೇ ಬರೆದಿದೆ,
ಬಂದ ಹೊತ್ತು ನಮಗೆ ಗೊತ್ತು.
ಇಬ್ಬರ ಹೊತ್ತೂ ಒಂದೇ ಆಗಿದ್ದರೆ
ಆ ಮಾತನ್ನು ಎಷ್ಟು ದೂರದಿಂದ ಹೊತ್ತು ತಂದರೆಂದು ಹೇಳಬಹುದು.'
ತಿಳಿಯಿತೆಂದು ತಲೆಯಾಡಿಸಿದೆ.
ತಿಳಿದಿರಲಿಲ್ಲ.

ತಿಳಿದದ್ದು ಜನವರಿಯಲ್ಲಿ.
ಗೊದೆರ್ಜಿಯ ಆರು ಲಾರಿ, ತುಂಬ ಪೈನ್ ದಿಮ್ಮಿ,
ಎರಡು ದಿನದಿಂದ ಕೆಂಪಿಗೆ ಕಟ್ಟುಬಿದ್ದು ನಿಂತಿದ್ದವು.
ಮೂರನೆಯ ಬೆಳಗ್ಗೆ ದೀಪ ಹಸಿರಾಯಿತು.
'ಎತ್ತು' ಅಂದ. ತೊಲೆಗೆ ಕೈಹಚ್ಚಿದೆ.
ಅರ್ಧ ಗುಂಡಿ ಹಾಕಿದ ಕೋಟಿನಲ್ಲಿ ಅವಳು ಓಡಿ ಬಂದಳು.

ಮೊಹರು ಸರಿಯಿತ್ತು. ಹೆಸರು ಸರಿಯಿತ್ತು.
'ಇಲ್ಲೇನೂ ಅಲುಗಿಲ್ಲ' ಅಂದದ್ದೂ ಸುಳ್ಳಲ್ಲ.
ಆಚೆ ಕಣಿವೆಯ ಡಬ್ಬಿಯ ಮಾತದು,
ಆಚೆ ಕಣಿವೆಯಲ್ಲಿ ಏನೂ ಅಲುಗಿರಲಿಲ್ಲ.
ಯಾರೋ ಅದನ್ನಲ್ಲಿ ಹಿಡಿದು, ತಂತಿಯ ಬಿಲದಲ್ಲಿ ತೂರಿಸಿ,
ನನ್ನ ಕಿವಿಯ ಹತ್ತಿರ ಬಿಟ್ಟಿದ್ದರು.
ಪಕ್ಕದವನ ದನಿಗೆ ಒಂದು ಮೈಕ್ರೋಸೆಕೆಂಡು ಹೆಚ್ಚಾಯಿತು.
ಇದಕ್ಕೆ ಹನ್ನೊಂದು ಹಿಡಿದಿತ್ತು.
ಹನ್ನೊಂದರಲ್ಲಿ ಬೆಳಕು ಮೂರು ಕಿಲೋಮೀಟರ್ ದಾಟಿರುತ್ತದೆ.
ಅಷ್ಟು ನಡೆದು ಬಂದವನು
ಪಕ್ಕದ ಮನೆಯವನೆಂದು ಬಾಗಿಲು ತಟ್ಟಬಾರದು.
ಗೊದೆರ್ಜಿ ತನ್ನ ಬೂಟು ನೋಡಿಕೊಂಡ.

ನನ್ನ ಅಜ್ಜಿ ಹೇಳುತ್ತಿದ್ದಳು:
ದಂಡು ಬಂದರೆ ಈ ಗೋಪುರದಲ್ಲಿ ಬೆಂಕಿ ಹೊತ್ತುತ್ತಿತ್ತಂತೆ,
ಕಂಡವರು ಮುಂದಿನ ಗೋಪುರದಲ್ಲಿ ಹೊತ್ತಿಸಬೇಕು.
ಕಳ್ಳನೂ ಬೆಂಕಿ ಹೊತ್ತಿಸಬಲ್ಲನಲ್ಲ, ಅಜ್ಜಿ?
ಅದಕ್ಕೇ ಎರಡು ಸಲ, ಅಂದಳು.
ಮೊದಲ ಬೆಂಕಿಗೂ ಎರಡನೆಯದಕ್ಕೂ ನಡುವೆ
ಕುಬ್ದಾರಿಯ ಒಂದು ಮಗ್ಗುಲು ಬೇಯುವಷ್ಟು ಹೊತ್ತು.
ಅವಸರವಾದರೆ ಪರದೇಶಿ,
ತಡವಾದರೆ ಸತ್ತವನ ಕೈಯಿಂದ ಕೊಳ್ಳಿ ಕಿತ್ತವನು.
ರೊಟ್ಟಿ ಸೀದರೆ? ಅಂತ ಕೇಳಲಿಲ್ಲ ನಾನು. ಕೇಳಬೇಕಿತ್ತು.

ಫೆಬ್ರವರಿಯಲ್ಲಿ ಹದಿನೇಳನೆಯ ಡಬ್ಬಿ ಹೂತುಹೋಯಿತು.
ಚಳಿಗೆ ಒಳಗಿನ ಹರಳು ಮರಗಟ್ಟಿ, ನೆರೆಯವರ ದನಿ ಕೇಳದೆ,
ತನ್ನಷ್ಟಕ್ಕೆ ತಾನು ಎಣಿಸುತ್ತಾ ಹಿಂದೆ ಬಿತ್ತು.
ಅದರ ಮಾತು ನುಸುಳಿ ಬಂದದ್ದು ರಾತ್ರಿ ಒಂಬತ್ತಕ್ಕೆ:
'ಜಗ್ಗುತ್ತಿದೆ.'
ಹೊತ್ತು ತಾಳೆಯಾಗಲಿಲ್ಲ. ಮೊಹರಿನ ಕೀಲಿ ಆಗಲೇ ಬಯಲಾಗಿತ್ತು,
ಇನ್ನು ಯಾರು ಬೇಕಾದರೂ ಬರೆಯಬಹುದಾದ ಮಾತು.
ನಿಯಮ ಅದನ್ನು ಕಸಕ್ಕೆ ಹಾಕಿತು. ದೀಪ ಹಸಿರಾಗಿಯೇ ಇತ್ತು.
ಕಸದ ಪಟ್ಟಿ ಓದುವ ಚಾಳಿ ಇಯಾಮ್ಜೆಗೆ.
ಓದಿ, ನನಗೆ ತೋರಿಸಿ, ಸುಮ್ಮನೆ ಕೂತಳು.
ನಾನು ಹೋಗಿ ತೊಲೆ ಇಳಿಸಿದೆ.
'ನಂಬಬೇಡ ಅಂತ ಕಲಿಸಿದೆ ನೀನು.
ಹೆದರಬೇಡ ಅನ್ನಲಿಲ್ಲ.'

ಆ ರಾತ್ರಿ ಏನೂ ಬೀಳಲಿಲ್ಲ.
ಒಬ್ಬ ಚಾಲಕ ಬೆಳಗಿನವರೆಗೂ ನನ್ನ ವಂಶವನ್ನು ಬೈದ.

ಮರುದಿನ ಹಿಮ ಅಗೆದು ಅವಳು ಹದಿನೇಳನ್ನು ತೆಗೆದಳು,
ಕೋಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು,
ಹಾಗೇ ನಿಂತಳು, ತುಟಿಯಲ್ಲೇ ಏನೋ ಎಣಿಸುತ್ತಾ.
ಎಷ್ಟು ಹೊತ್ತು ಅಂದೆ.
ಬೆಚ್ಚಗಾಗುವಷ್ಟು, ಅಂದಳು.