ಷರಾ

ಹೆರಿಗೆಯಾದ ಸ್ಥಳ ಎಂಬ ಕಲಮಿನಲ್ಲಿ
ನಾಲ್ಕೇ ಅಂಕಿ ನನಗೆ:
ಸರ್ಕಾರಿ ಒಂದು, ಖಾಸಗಿ ಎರಡು,
ಮನೆ ಮೂರು. ಇತರೆ, ನಾಲ್ಕು.

ಫಿಲೋಮಿನಾ ಸಿಸ್ಟರ್ ಕಳಿಸುವ ರಿಜಿಸ್ಟರಿಗೆ
ಕೊನೆಗೊಂದು ಕಲಮು ಹೆಚ್ಚು, ಷರಾ.
ಸಾಸಿವೆಯಂಥ ಅಕ್ಷರ, ಗೆರೆ ದಾಟಿ
ಮುಂದಿನ ಹೆಂಗಸಿನ ಸಾಲಿಗೂ ನುಗ್ಗುತ್ತದೆ:
'ಗೇಟು ಹಾಕಿತ್ತು. ಆಟೋದಲ್ಲೇ ಆಯಿತು. ಗಂಡು.
ಎರಡು ಕಿಲೋ ನೂರು. ಡ್ರೈವರು ಟವೆಲ್ ಕೊಟ್ಟ.'
'ಗೂಡ್ಸ್ ನಿಂತುಬಿಟ್ಟಿತ್ತು. ಹೆಣ್ಣು. ಅತ್ತಳು.'
'ತಾಯಿ ಕಾರ್ಡು ಊರಲ್ಲೇ ಉಳಿದಿದೆ.
ರಕ್ತದ ಗುಂಪು ಗೊತ್ತಿಲ್ಲ ಅಂದಳು.'

ನನ್ನ ಕಂಪ್ಯೂಟರಿಗೆ ಷರಾ ಇಲ್ಲ.
ನಾಲ್ಕು ಒತ್ತುತ್ತೇನೆ, ಮುಂದೆ ಹೋಗುತ್ತೇನೆ.
ಆ ಟವೆಲ್ಲು ಆಮೇಲೆ ಏನಾಯಿತು ಎಂದು
ಮೆಜೆಸ್ಟಿಕ್ಕಿನವರೆಗೂ ಬಸ್ಸಿನಲ್ಲಿ ಯೋಚಿಸುತ್ತೇನೆ.

ತಿಂಗಳ ಸಭೆ. ಗೋಡೆಯ ಮೇಲೆ ಬಣ್ಣದ ಕಂಬಗಳು.
ನಮ್ಮ ವಾರ್ಡಿನ ಕಿತ್ತಳೆ ಕಂಬವೊಂದು
ಮದುವೆಮನೆಗೆ ಕರೆಯದೆ ಬಂದವನ ಹಾಗೆ ನಿಂತಿತ್ತು.
'ಇತರೆ ಹನ್ನೊಂದಾ? ಟೈಪಿಂಗ್ ತಪ್ಪಿರಬೇಕು, ತಿದ್ದಿ.'

ಗುತ್ತಿಗೆಯವಳು ನಾನು, ಕುರ್ಚಿ ಬಾಗಿಲ ಪಕ್ಕ.
ತಿದ್ದಲಿಲ್ಲ. ರಿಜಿಸ್ಟರು ತೆರೆದು ಓದಿದೆ.
ಒಂದು, ಎರಡು, ಮೂರು...
ಆರನೆಯದಕ್ಕೆ ಬೋಂಡಾದ ತಟ್ಟೆಗಳ ಸದ್ದು ನಿಂತಿತು.
ಯಾರೋ ಮೆಲ್ಲಗೆ ಕೇಳಿದರು,
'ಆ ಗೇಟು ರಾತ್ರಿ ಎಷ್ಟು ಸಲ ಹಾಕ್ತಾರೆ?'

ಕಡತ ಹುಟ್ಟಿತು. 'ಪರಿಶೀಲಿಸಿ ಮಂಡಿಸಿ.'
ಮಂಡಿಸಿ, ಮರಳಿ, ಮತ್ತೆ ಮಂಡಿಸಿ,
ಒಂಬತ್ತು ತಿಂಗಳೂ ತುಂಬಿ ಮೇಲೆ ಹತ್ತು ದಿನಕ್ಕೆ
ಹಳಿಯಾಚೆ, ಶೀಟಿನ ಮನೆಗಳ ಬದಿಗೆ
ಎರಡು ಮಂಚದ ಹೆರಿಗೆ ಕೋಣೆ,
ರಾತ್ರಿಗೊಬ್ಬ ನರ್ಸು, ಆರದ ಒಂದು ದೀಪ.

ಈ ತಿಂಗಳು ಇತರೆ ಎರಡು.
ಕಂಬ ಬಿದ್ದದ್ದಕ್ಕೆ ಚಪ್ಪಾಳೆ ತಟ್ಟುವವರನ್ನು
ಮೊದಲ ಸಲ ನೋಡಿದೆ.
ಸಿಸ್ಟರಿಗೆ ಫೋನು ಮಾಡಿ ಹೇಳಿದರೆ
'ಹೂಂ' ಅಂದಳು. ಸ್ವಲ್ಪ ತಡೆದು,
'ಆ ಎರಡು ಯಾರು ಅಂತ ಯಾರೂ ಕೇಳಲಿಲ್ವಾ?'

ಕೇಳಲಿಲ್ಲ. ನಾನೂ ಹೇಳಲಿಲ್ಲ,
ಅವತ್ತು ಸಭೆಯಲ್ಲಿ ಓದಿದ್ದು ಹತ್ತು ಮಾತ್ರ ಎಂದು.
ಹನ್ನೊಂದನೆಯ ಸಾಲು: ಮರಿಲಿಂಗಮ್ಮ, ಇಪ್ಪತ್ತೆರಡು,
ಊರು ಸುರಪುರದ ಕಡೆ, ಗಾರೆ ಕೆಲಸ.
ಷರಾ ಮಾತ್ರ ದುಂಡಗೆ, ಗೆರೆಯೊಳಗೇ ಇದೆ,
ತುಂಬಾ ಹೊತ್ತು ಕೂತು ಬರೆದ ಹಾಗೆ:
'ಗೇಟು ತೆಗೆದರು. ಆಮೇಲೆ ಅವಸರವಿರಲಿಲ್ಲ.'