ಅರ್ಕಾವೊತ್ತು

ಸೈಕಲ್ ಅಂಗಡಿಯ ಮೇಲೆ, ಹದಿನೇಳು ಮೆಟ್ಟಿಲು ಹತ್ತಿದರೆ ನಾವು.
ಎರಡು ಕಂಪ್ಯೂಟರು, ಒಂದು ಕಾಲು ಕುಂಟುವ ಸೋಫಾ,
ಕಿಟಕಿಯಲ್ಲಿ ಅಂತರಗಂಗೆ ಬೆಟ್ಟದ ಬೋಳು ಬಂಡೆ.
ಬೋರ್ಡಿನ ಮೇಲೆ 'ಬ್ರ್ಯಾಂಡಿಂಗ್, ಮಾರ್ಕೆಟಿಂಗ್' ಎಂದಿದೆ.
ಕೋಲಾರದವರು ಮಾತ್ರ ಇವತ್ತಿಗೂ ಕೇಳುತ್ತಾರೆ:
'ಪಾಸ್‌ಪೋರ್ಟ್ ಸೈಜು ಫೋಟೋ ತೆಗೀತೀರಾ?'
ತೆಗೆಯುತ್ತೇವೆ. ಆಗಸ್ಟಿನಿಂದ ಅದನ್ನೂ ತೆಗೆಯುತ್ತೇವೆ.

ಶಮೀಮಕ್ಕ ಮಾಲಕಿ. ಹತ್ತನೇ ಕ್ಲಾಸಿನಲ್ಲಿ ಕನ್ನಡಕ್ಕೆ
ನೂರಾ ಇಪ್ಪತ್ತೈದಕ್ಕೆ ನೂರಾ ಇಪ್ಪತ್ತೆರಡು;
ಹೋದ ಮೂರು ಅಂಕದ ಸಿಟ್ಟು ಇನ್ನೂ ಇಳಿದಿಲ್ಲ.
ಲಗ್ನಪತ್ರಿಕೆಯ 'ಆರ್ಶೀವಾದ'ವನ್ನು
ಎಷ್ಟು ಸಲ 'ಆಶೀರ್ವಾದ' ಮಾಡಿ ಕಳಿಸಿದ್ದಾಳೋ
ಅಷ್ಟೇ ಸಲ ಗಂಡಿನ ಕಡೆಯವರು
ತಿದ್ದಿ, ವಾಪಸ್ಸು ತಂದಿದ್ದಾರೆ.

ಚೌಡರೆಡ್ಡಿ ಬಂದದ್ದು ಮಂಗಳವಾರ, ಮೂರು ಗಂಟೆಗೆ.
ಮಂಡಿಯ ಧೂಳು ಮೀಸೆಯಲ್ಲೇ ಇತ್ತು.
'ಸೂರ್ಯ ಟೊಮೆಟೊ. ಲೇಬಲ್ಲು ಎರಡು ಸಾವಿರದ ನಾನೂರು.
ಬೆಳಗಿನ ಜಾವ ಸಿಲಿಗುರಿಗೆ ಲಾರಿ.
ಕೆಂಪು ಇನ್ನೂ ಕೆಂಪಾಗಬೇಕಮ್ಮಾ.'
ಎಷ್ಟು ಕೆಂಪು ಎಂದು ಕೇಳಿದ್ದಕ್ಕೆ
ಜೇಬಿನಿಂದ ಒಂದು ಹಣ್ಣು ತೆಗೆದು
ಮಾನಿಟರಿನ ಪಕ್ಕ ಇಟ್ಟು ಹೋದ.
ಅದನ್ನು ನೋಡಿ ನೋಡಿ ಬಣ್ಣ ಕಲೆಸಿದೆ.
ಹದಿನಾರು ಕಿರಣ, ನಡುವೆ ನಗುವ ಹಣ್ಣು.
ನಗು ರೆಡ್ಡಿಯದೇ ಬೇಡಿಕೆ.

ಪ್ರೆಸ್ಸಿನಿಂದ ಕಟ್ಟು ಬಂದಾಗ ಎಂಟೂವರೆ.
ದಿಲೀಪ ಬಿಚ್ಚಿದ, ಸುಮ್ಮನಾದ.
ನಮ್ಮ ಫಾಂಟಿಗೂ ಅವರ ಯಂತ್ರಕ್ಕೂ ಯಾವ ಜಗಳವೋ,
ಎಲ್ಲದರ ಮೇಲೂ 'ಸೂಯ'.
ಅರ್ಕ ಎಂದರೂ ಸೂರ್ಯನೇ ತಾನೆ,
ಅವನ ಹೆಸರು ಹೊತ್ತ ಒತ್ತೇ
ದಾರಿಯಲ್ಲೆಲ್ಲೋ ಅವನ ಕೈ ಬಿಟ್ಟಿತ್ತು.

'ಬಿಡಮ್ಮಾ,' ಅಂದ ರೆಡ್ಡಿ ಫೋನಿನಲ್ಲಿ,
'ಅಲ್ಲಿ ಕನ್ನಡ ಓದೋವ್ರು ಯಾರು? ಹಣ್ಣು ಕೆಂಪಗಿದೆ ತಾನೆ?'
ಸರಿಯಾದ ಮಾತು. ಬಾಡಿಗೆ ಕಟ್ಟುವವರು
ಒಪ್ಪಿಕೊಳ್ಳಬೇಕಾದ ಮಾತು.
ಶಮೀಮಕ್ಕ ಚಪ್ಪಲಿ ಮೆಟ್ಟಿ ಕೆಳಗಿಳಿದು
ಸ್ಟೇಷನರಿಯ ಶಟರು ಅರ್ಧ ಎತ್ತಿಸಿ
ಒಂಬತ್ತು ಕರಿ ಮಾರ್ಕರು ತಂದಳು.

ಕೂತೆವು ನೆಲದ ಮೇಲೆ: ಅವಳು, ನಾನು, ದಿಲೀಪ,
ಕೆಳಗೆ ಪಂಕ್ಚರ್ ಹಾಕುವ ಮುನಿಶಾಮಿ.
ಓದು ಬಾರದ ಅವನಿಗೆ ಹೇಳಿಕೊಟ್ಟಳು:
'ಕನ್ನಡದ ಒಂಬತ್ತು ಗೊತ್ತಲ್ಲ, ಬಸ್ಸಿನ ನಂಬರಿಂದು? ಅದೇ.
ಯ ಆದಮೇಲೆ, ಒಂಚೂರು ಕೆಳಗೆ.
ಬಾಯಲ್ಲಿ ಮೊದಲು ಬರುತ್ತೆ, ಕೈಯಲ್ಲಿ ಕೊನೆಗೆ.'
'ನಮ್ಮ ಬಿಲ್ಲಿನ ದುಡ್ಡಿನ ಹಾಗೆ,' ಎಂದ ದಿಲೀಪ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು.

ನೂರಾಗುವ ಹೊತ್ತಿಗೆ ಕೈ ಕಲಿತಿತ್ತು,
ಸಾವಿರವಾಗುವ ಹೊತ್ತಿಗೆ ಮರೆತಿತ್ತು.
ದಿಲೀಪನದು ಗೊಣ್ಣೆಹುಳು, ನನ್ನದು ಕೊಕ್ಕೆ,
ಮುನಿಶಾಮಿಯದು ದುಂಡಗೆ, ಗಾಳಿ ತುಂಬಿದ ಟ್ಯೂಬು.
ಶಮೀಮಕ್ಕನ ಒತ್ತಿಗೆ ಬಾಲ ಎಡಕ್ಕೆಳೆದಿರುತ್ತಿತ್ತು,
ಬಲದಿಂದ ಬರೆಯುವ ಲಿಪಿಯನ್ನೂ ಬಲ್ಲ ಕೈ.
ಹನ್ನೆರಡೂವರೆಗೆ ಕರೆಂಟು ಹೋಯಿತು.
ಕೊನೆಯ ಇನ್ನೂರು ಸೂರ್ಯರನ್ನು
ಫೋನಿನ ಬೆಳಕಲ್ಲಿ ಮುಗಿಸಿದೆವು.

ಮಾನಿಟರಿನ ಪಕ್ಕದ ಹಣ್ಣನ್ನು
ದಿಲೀಪ ಉಪ್ಪು ಹಚ್ಚಿಕೊಂಡು ತಿಂದ.

ತಿಂಗಳಾಯಿತು. ರೆಡ್ಡಿಯ ದುಡ್ಡು ಇನ್ನೂ ಬಾಯಲ್ಲೇ ಇದೆ.
ನಿನ್ನೆ ಲಾರಿಯ ಕ್ಲೀನರು ಒಂದು ಫೋಟೋ ಕಳಿಸಿದ:
ಯಾವುದೋ ಟೀ ಅಂಗಡಿ, ಮಂಜು,
ಬೋರಲು ಹಾಕಿದ ನಮ್ಮ ರಟ್ಟಿನ ಪೆಟ್ಟಿಗೆ,
ಅದರ ಮೇಲೆ ಬಿಸ್ಕತ್ತಿನ ಡಬ್ಬಗಳು.
ಸೂರ್ಯ ತಲೆಕೆಳಗು.
ಬೆರಳಿನಿಂದ ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ.
'ನಿಂದೇ ಅಕ್ಕ ಇದು,' ಎಂದೆ.
ಅವಳು ಕನ್ನಡಕ ಹುಡುಕಿ ಹಾಕಿಕೊಂಡು
'ನಂದಲ್ಲ. ಎಷ್ಟು ದುಂಡಗಿದೆ ನೋಡು,' ಎಂದವಳೇ
ಕಿಟಕಿಯಿಂದ ಬಗ್ಗಿ ಮುನಿಶಾಮಿಯನ್ನು ಕೂಗಿದಳು.

ಅವನು ತಲೆ ಎತ್ತಲಿಲ್ಲ.
ಟ್ಯೂಬನ್ನು ನೀರಲ್ಲಿ ಮುಳುಗಿಸಿ, ನಿಧಾನ ತಿರುಗಿಸುತ್ತಾ
ಗುಳ್ಳೆ ಎಲ್ಲೇಳುತ್ತದೆಂದು ಕಾಯುತ್ತಿದ್ದ.